ದಂತರಕ್ಷಕ ಮೈಕೇಲ್ ಬುವೊನೊಕೋರ್

ಬೀದರದ ಚೌಬಾರದ ಸುತ್ತಲಿನ ಓಣಿಗಳಲ್ಲಿ ಅಡ್ಡಾಡಿದವರಿಗೆ ಬಿದರಿ ಕುಶಲಿಗಳ ಉಳಿಯ ಸದ್ದು ಅಪರಿಚಿತವಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನೋ ತಟ್ಟೆಯನ್ನೋ ಮುಂದಿಟ್ಟುಕೊಂಡು ಕುಳಿತ ಕುಶಲಿ ಮೊದಲು ಅದರ ಮೈಯನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾನೆ. ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾನೆ. ಬಳಿಕ ಚಿತ್ತಾರ ಬರೆದು, ಬರೆದ ಗೆರೆಯಗುಂಟ ಉಳಿಯಿಂದ ಕೊರೆಯುತ್ತಾನೆ. ಆ ಕೊರಕಲಿನಲ್ಲಿ ಬೆಳ್ಳಿಯ ತಂತಿಯನ್ನಿಟ್ಟು ಬಡಿದು ಕೂಡಿಸುತ್ತಾನೆ. ನುಣುಪಾದ ಲೋಹದ ಮೇಲೆ ಬೆಳ್ಳಿ ನಿಲ್ಲದು. ಗೀರಿದ ಮೈಯಲ್ಲಿ ತಲೆಮಾರುಗಳವರೆಗೆ ನಿಲ್ಲುತ್ತದೆ. ನಮ್ಮೂರಿನ ಕುಶಲಿಗಳು ಎಂದೋ ಅರಿತಿದ್ದ ಈ ಸತ್ಯವನ್ನೇ ಹೋಲುವ ಇನ್ನೊಂದನ್ನು ಮನುಷ್ಯನ ಹಲ್ಲಿನ ಮೇಲೆ ಕಂಡುಕೊಂಡು, ಅದರಿಂದ ಲೆಕ್ಕವಿಲ್ಲದಷ್ಟು ಮಕ್ಕಳ ದವಡೆಹಲ್ಲುಗಳು ಉಳಿಯುವಂತೆ ಮಾಡಿದವರೊಬ್ಬರ ಬಾಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವರ ಕಾರ್ಯಕ್ಷೇತ್ರ ಬೀದರಕ್ಕೆ ಬಹುದೂರದ ಅಮೆರಿಕ. ಹೆಸರು ಮೈಕೇಲ್ ಬುವೊನೊಕೋರ್. ದಂತವೈದ್ಯ ಕಲಿಯುವ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಈ ಹೆಸರು ಹೊರಗಿನ ಜನರ ಕಿವಿಗೆ ಬಿದ್ದದ್ದು ಕಡಿಮೆ.

ಭಾಲ್ಕಿ, ಔರಾದ ತಾಲೂಕುಗಳ ಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಕಾರಣವಿದೆ. ಕೆನ್ನೆ ಊದಿಸಿಕೊಂಡು, ಹಲ್ಲಿನ ಸಂದಿಯಲ್ಲಿ ಲವಂಗ ಕಚ್ಚಿಕೊಂಡು, ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಮಕ್ಕಳನ್ನು ಪ್ರತಿ ವರ್ಷವೂ ಕಂಡಿದ್ದೇನೆ. ಅವರ ತಾಯಿತಂದೆಯರನ್ನು ಕರೆಸಿ ಕೇಳಿದರೆ, ಅದು ಹಾಲುಹಲ್ಲು, ಬಿದ್ದು ಬೇರೆ ಬರುತ್ತದೆಂಬ ಸಮಾಧಾನವೇ ಬಹುಮಟ್ಟಿಗೆ ಉತ್ತರವಾಗಿರುತ್ತಿತ್ತು. ಅವರನ್ನು ಜರೆಯುವ ಅಧಿಕಾರ ನನಗಿರಲಿಲ್ಲ. ನನ್ನ ಎಡದವಡೆಯ ಹಲ್ಲೊಂದು ಹನ್ನೆರಡನೆಯ ವಯಸ್ಸಿನಲ್ಲಿ ಸಂತೆಯ ದಿನ ಇಕ್ಕಳಕ್ಕೆ ಸಿಕ್ಕಿ ಹೋದದ್ದೂ ಇದೇ ಅಜ್ಞಾನದಿಂದಲೇ.

ಆರನೆಯ ವರ್ಷದ ಆಸುಪಾಸಿನಲ್ಲಿ ಮಗುವಿನ ಬಾಯಿಯ ಹಿಂಭಾಗದಲ್ಲಿ, ಯಾವ ಹಾಲುಹಲ್ಲೂ ಬೀಳದೆಯೇ, ನಾಲ್ಕು ಹೊಸ ದವಡೆಹಲ್ಲುಗಳು ಮೂಡುತ್ತವೆ. ಯಾವುದನ್ನೂ ಕೆಡವದೆ ಬರುವುದರಿಂದ ಇವು ಬಂದದ್ದು ಮನೆಯವರ ಗಮನಕ್ಕೆ ಬರುವುದಿಲ್ಲ. ಆದರೆ ಇವು ಬಾಳಿನುದ್ದಕ್ಕೂ ಜೋಳದ ರೊಟ್ಟಿಯನ್ನು ಅರೆಯಬೇಕಾದ ಶಾಶ್ವತ ಹಲ್ಲುಗಳು. ಹೋದರೆ ಮತ್ತೆ ಬಾರವು. ಇವುಗಳ ನೆತ್ತಿಯಲ್ಲಿ ಕುಳಿಗಳೂ ಸೀಳುಗಳೂ ಇರುತ್ತವೆ. ಕೆಲವು ಸೀಳುಗಳು ಎಷ್ಟು ಇಕ್ಕಟ್ಟಾಗಿರುತ್ತವೆಂದರೆ, ಬ್ರಷ್ಷಿನ ಒಂದು ಎಳೆಯೂ, ಬೇವಿನ ಕಡ್ಡಿಯ ನಾರೂ ಅವುಗಳ ತಳ ಮುಟ್ಟಲಾರದು. ಅಲ್ಲಿ ನಿಂತ ಸಿಹಿಯನ್ನು ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ದಂತಕವಚದ ಸುಣ್ಣದ ಅಂಶವನ್ನು ಕರಗಿಸುತ್ತದೆ. ನಾವು ಹುಳುಕೆಂದು ಕರೆಯುವುದು ಇದನ್ನೇ; ಹುಳುವಿನ ಪಾತ್ರ ಇದರಲ್ಲಿ ಏನೂ ಇಲ್ಲ.

ಸೀಳುಗಳೇ ಹುಳುಕಿನ ಹೆಬ್ಬಾಗಿಲೆಂಬುದು ಬುವೊನೊಕೋರರಿಗಿಂತ ಮುಂಚಿನ ವೈದ್ಯರಿಗೂ ತಿಳಿದಿತ್ತು. ಆಧುನಿಕ ದಂತವೈದ್ಯದ ಪಿತಾಮಹರೆನಿಸಿದ ಜಿ. ವಿ. ಬ್ಲ್ಯಾಕ್ ಅವರು ಹುಳುಕನ್ನು ತೆಗೆಯುವಾಗ ಅದಕ್ಕೆ ಹೊಂದಿದ ಸೀಳುಗಳನ್ನೂ ಕೊರೆದು ತುಂಬಬೇಕೆಂದು ವಿಧಿಸಿದರು. 1923ರಲ್ಲಿ ಹಯಟ್ ಎಂಬ ವೈದ್ಯರು ಇನ್ನೂ ಮುಂದೆ ಹೋಗಿ, ಹುಳುಕು ತಗಲುವ ಮೊದಲೇ ಸೀಳುಗಳನ್ನು ಕೊರೆದು ಲೋಹದಿಂದ ಮುಚ್ಚಿಬಿಡಬೇಕೆಂದರು. ಕಳ್ಳ ಬಂದಾನೆಂದು ಮನೆಯ ಗೋಡೆಯನ್ನೇ ಒಡೆದು ಕಟ್ಟಿಸುವಂತಹ ಉಪಾಯವಿದು. ಸಿಮೆಂಟು ಹಚ್ಚಿ ನೋಡಿದವರಿದ್ದರು; ಬೆಳ್ಳಿಯ ಲವಣ ಸವರಿದವರೂ ಇದ್ದರು. ಆದರೆ ಆರೋಗ್ಯವಾದ ಹಲ್ಲನ್ನು ಕೊರೆಯದೆ, ಅದರ ಮೇಲೆ ನಿಲ್ಲುವ ಹೊದಿಕೆಯೊಂದನ್ನು ಕೂಡಿಸುವ ಬಗೆ ಯಾರಿಗೂ ಹೊಳೆದಿರಲಿಲ್ಲ. ಸದಾ ತೇವವಾಗಿರುವ ಬಾಯಲ್ಲಿ, ಗಾಜಿನಂತೆ ನುಣುಪಾದ ದಂತಕವಚಕ್ಕೆ ಏನನ್ನು ಅಂಟಿಸಿದರೂ ಕಳಚಿಬೀಳುತ್ತಿತ್ತು.

ಬುವೊನೊಕೋರ್ ಹುಟ್ಟಿದ್ದು 1918ರಲ್ಲಿ. ಒಳ್ಳೆಯ ಹೃದಯವೆಂಬ ಅರ್ಥವನ್ನು ಒಳಗೊಂಡ ಇಟಲಿಯ ಮೂಲದ ಕುಲನಾಮ ಅವರದು. ರಸಾಯನಶಾಸ್ತ್ರ, ದಂತವೈದ್ಯ ಎರಡನ್ನೂ ಅವರು ಅಭ್ಯಾಸ ಮಾಡಿದ್ದರು. ಅವರ ಬಾಳಿನ ದೊಡ್ಡ ಕೆಲಸವೆಲ್ಲ ಈ ಎರಡು ವಿದ್ಯೆಗಳು ಕೂಡುವ ಸ್ಥಳದಲ್ಲಿಯೇ ನಡೆಯಿತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿದ್ದ ಈಸ್ಟ್‌ಮನ್ ದಂತ ಚಿಕಿತ್ಸಾಲಯ ಅವರ ಕರ್ಮಭೂಮಿಯಾಯಿತು. ಕೊಡ್ಯಾಕ್ ಕ್ಯಾಮೆರಾದಿಂದ ಜಗತ್ಪ್ರಸಿದ್ಧರಾದ ಜಾರ್ಜ್ ಈಸ್ಟ್‌ಮನ್ ಅವರು ಬಡಮಕ್ಕಳ ಹಲ್ಲಿನ ಆರೈಕೆಗಾಗಿ ಧನವಿತ್ತು ಸ್ಥಾಪಿಸಿದ ಈ ಸಂಸ್ಥೆ 1917ರಲ್ಲಿ ಬಾಗಿಲು ತೆರೆದಿತ್ತು. ಬುವೊನೊಕೋರರ ಶೋಧ ಕೊನೆಗೆ ಮಕ್ಕಳ ಬಾಯನ್ನೇ ಸೇರಿದ್ದಕ್ಕೆ ಈ ಮನೆಯ ಸಂಸ್ಕಾರವೂ ಒಂದು ಕಾರಣವಾಗಿರಬೇಕೆಂದು ನನಗೆ ತೋರುತ್ತದೆ.

ಆಗ ಹಲ್ಲು ತುಂಬಲು ಅಕ್ರಿಲಿಕ್ ಎಂಬ ಹೊಸ ದ್ರವ್ಯ ಬಳಕೆಗೆ ಬಂದಿತ್ತು. ಅದರ ಬಣ್ಣ ಹಲ್ಲಿಗೆ ಹೊಂದುತ್ತಿತ್ತು. ಆದರೆ ಅದು ಹಲ್ಲನ್ನು ಹಿಡಿಯುತ್ತಿರಲಿಲ್ಲ. ಅಂಚಿನಲ್ಲಿ ಸಂದು ಬಿಟ್ಟು, ಆ ಸಂದಿನಲ್ಲಿ ಎಂಜಲು ಇಳಿದು, ತುಂಬಿದ ಹಲ್ಲು ಮತ್ತೆ ಹುಳುಕಾಗುತ್ತಿತ್ತು. ಈ ತೊಡಕನ್ನು ಬಿಡಿಸಲು ಹೊರಟ ಬುವೊನೊಕೋರರ ದೃಷ್ಟಿ ವೈದ್ಯಗ್ರಂಥಗಳನ್ನು ಬಿಟ್ಟು ಕಾರಖಾನೆಗಳ ಕಡೆಗೆ ಹೊರಳಿತು. ಲೋಹಕ್ಕೆ ಬಣ್ಣ ಬಳಿಯುವ ಮೊದಲು ಅದರ ಮೈಗೆ ಫಾಸ್ಫರಿಕ್ ಆಮ್ಲ ಸವರಿದರೆ ಬಣ್ಣ ಗಟ್ಟಿಯಾಗಿ ಕಚ್ಚಿಕೊಳ್ಳುವುದು ಅಲ್ಲಿಯ ಕೆಲಸಗಾರರಿಗೆ ತಿಳಿದಿದ್ದ ಸಂಗತಿ. ಲೋಹಕ್ಕೆ ಒದಗಿದ್ದು ಹಲ್ಲಿಗೇಕೆ ಒದಗಬಾರದೆಂದು ಅವರು ಆಲೋಚಿಸಿದರು. ಹಲ್ಲನ್ನು ಕರಗಿಸುವ ವೈರಿಯೇ ಆಮ್ಲವೆಂದು ಪಾಠ ಹೇಳುತ್ತಿದ್ದ ಕಾಲದಲ್ಲಿ, ಅದನ್ನೇ ಹಲ್ಲಿನ ಸೇವೆಗೆ ಕರೆಯುವುದಕ್ಕೆ ಧೈರ್ಯ ಬೇಕಾಗಿತ್ತು.

ಪ್ರಯೋಗ ಬಹು ಸರಳವಾದದ್ದು. ತಾವಾಗಿ ಮುಂದೆ ಬಂದ ಕೆಲವರ ಮುಂಭಾಗದ ಹಲ್ಲಿಗೆ ಶೇಕಡಾ 85ರಷ್ಟು ಸಾಂದ್ರವಾದ ಫಾಸ್ಫರಿಕ್ ಆಮ್ಲವನ್ನು 30 ಸೆಕೆಂಡುಗಳ ಕಾಲ ಹಚ್ಚಿ, ತೊಳೆದು, ಒಣಗಿಸಿ, ಅದರ ಮೇಲೆ ಅಕ್ರಿಲಿಕ್ಕಿನ ಒಂದು ಹನಿಯನ್ನಿಟ್ಟರು. ಆಮ್ಲ ಸೋಕದ ಹಲ್ಲಿನ ಮೇಲೂ ಅಂತಹದೇ ಹನಿಯನ್ನಿಟ್ಟರು. ಆಮ್ಲ ಸೋಕದ ಹಲ್ಲಿನ ಹನಿ ಸರಾಸರಿ ಅರ್ಧ ದಿನದೊಳಗೇ ಉದುರಿತು. ಆಮ್ಲ ಸೋಕಿದ ಹಲ್ಲಿನ ಹನಿ ಸಾವಿರ ಗಂಟೆಗೂ ಮಿಕ್ಕಿ, ಅಂದರೆ ನಲವತ್ತು ದಿನಗಳಿಗೂ ಹೆಚ್ಚು ಕಾಲ ನಿಂತಿತು. 1955ರಲ್ಲಿ ದಂತಸಂಶೋಧನೆಯ ನಿಯತಕಾಲಿಕವೊಂದರಲ್ಲಿ ಕೆಲವೇ ಪುಟಗಳಲ್ಲಿ ಇದನ್ನು ಪ್ರಕಟಿಸಿದರು. ಹಲ್ಲಿನ ಸೀಳುಗಳನ್ನು ಮುಚ್ಚಿ ಹುಳುಕನ್ನು ತಡೆಯಲೂ ಈ ವಿಧಾನ ನೆರವಾದೀತೆಂಬ ಸೂಚನೆ ಆ ಪ್ರಬಂಧದಲ್ಲಿಯೇ ಇತ್ತು.

ಇಂತಹ ಶೋಧವನ್ನು ಜಗತ್ತು ಎದ್ದುನಿಂತು ಸ್ವಾಗತಿಸಿರಬೇಕೆಂದು ನಾವು ಭಾವಿಸುವುದು ಸಹಜ. ಆದದ್ದು ಹಾಗಲ್ಲ. ಹಲ್ಲಿಗೆ ಆಮ್ಲ ಹಚ್ಚುವ ಮಾತೇ ಅನೇಕ ವೈದ್ಯರಿಗೆ ಅಪಥ್ಯವಾಯಿತು. ಅಂದಿನ ಅಕ್ರಿಲಿಕ್ ಕೂಡ ಗಟ್ಟಿಯಾಗುವಾಗ ಕುಗ್ಗುತ್ತಿದ್ದುದರಿಂದ ಲೇಪಕ್ಕೆ ಒದಗುವಂತಿರಲಿಲ್ಲ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಪ್ರಬಂಧ ಓದುಗರು ವಿರಳವಾಗಿ ಮಲಗಿತ್ತೆಂದರೆ ಅತಿಶಯೋಕ್ತಿಯಲ್ಲ. ಬುವೊನೊಕೋರ್ ಮಾತ್ರ ತಮ್ಮ ಪ್ರಯೋಗಶಾಲೆಯನ್ನು ಬಿಡಲಿಲ್ಲ. 1962ರಲ್ಲಿ ರಾಫೆಲ್ ಬೋವೆನ್ ಎಂಬ ವಿಜ್ಞಾನಿ ಕಡಿಮೆ ಕುಗ್ಗುವ ಹೊಸ ರಾಳವೊಂದಕ್ಕೆ ಹಕ್ಕುಪತ್ರ ಪಡೆದರು. ಅತ್ತ ರಾಚೆಸ್ಟರಿನಲ್ಲಿ ಬುವೊನೊಕೋರರು ಕ್ವೆಟೊ ಎಂಬ ಸಹೋದ್ಯೋಗಿಯೊಡನೆ ಬೇರೊಂದು ಅಂಟನ್ನು ಮಕ್ಕಳ ದವಡೆಹಲ್ಲಿನ ಸೀಳುಗಳಿಗೆ ತುಂಬಿ ಪರೀಕ್ಷಿಸಿದರು. 1967ರಲ್ಲಿ ಹೊರಬಂದ ಅವರ ವರದಿ ಒಂದು ವರ್ಷದ ಅವಧಿಯಲ್ಲಿ ಹುಳುಕು ಬಹುವಾಗಿ ಇಳಿದುದನ್ನು ತೋರಿಸಿತು. ಮರುವರ್ಷ ಗ್ವಿನೆಟ್ ಮೊದಲಾದವರೊಡನೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಂಟಿನ ಗುಟ್ಟನ್ನು ಬಯಲುಮಾಡಿದರು: ಆಮ್ಲ ತೋಡಿದ ಅತಿಸೂಕ್ಷ್ಮ ರಂಧ್ರಗಳೊಳಕ್ಕೆ ರಾಳ ಇಳಿದು, ಬೇರುಗಳಂತೆ ಹರಡಿ, ಅಲ್ಲಿಯೇ ಗಟ್ಟಿಯಾಗಿ ಹಲ್ಲನ್ನು ಹಿಡಿದಿತ್ತು.

1970ರಲ್ಲಿ ಅವರು ಬೋವೆನ್ನರ ಬಗೆಯ ರಾಳವನ್ನು ನೇರಳಾತೀತ ಕಿರಣದಿಂದ ಕ್ಷಣಮಾತ್ರದಲ್ಲಿ ಗಟ್ಟಿಮಾಡುವ ವಿಧಾನವನ್ನು ಮುಂದಿಟ್ಟರು. ಅದೇ ಬಾಯಿಯ ಒಂದು ಬದಿಯ ಹಲ್ಲಿಗೆ ಲೇಪ ಹಚ್ಚಿ, ಇನ್ನೊಂದು ಬದಿಯ ಹಲ್ಲನ್ನು ಹಾಗೆಯೇ ಬಿಟ್ಟು ಹೋಲಿಸಿದರು. ಎರಡು ವರ್ಷಗಳ ಮೇಲೂ ಲೇಪ ಕಂಡ ಶಾಶ್ವತ ಹಲ್ಲುಗಳಲ್ಲಿ ಹುಳುಕು ಇಲ್ಲವೆಂಬಷ್ಟು ಅಪರೂಪವಾಗಿತ್ತು. ಆಗಲೂ ಸಂಶಯ ಅಡಗಲಿಲ್ಲ. ಲೇಪದ ಕೆಳಗೆ ಸೂಕ್ಷ್ಮಜೀವಿಗಳು ಸೆರೆಯಾಗಿ ಒಳಗೊಳಗೇ ಹಲ್ಲನ್ನು ತಿಂದಾವೆಂಬ ಭಯವನ್ನು ಹಲವರು ತೋಡಿಕೊಂಡರು. ಅದೇ ಸಂಸ್ಥೆಯ ಹ್ಯಾಂಡಲ್‌ಮನ್ ಅವರು ಈ ಭಯವನ್ನು ಪರೀಕ್ಷೆಗೊಡ್ಡಿದರು. ಆಹಾರ ದೊರೆಯದ ಜೀವಿಗಳು ಲೇಪದಡಿಯಲ್ಲಿ ಕ್ಷೀಣಿಸುತ್ತವೆಂದು ಎಪ್ಪತ್ತರ ದಶಕದಲ್ಲಿ ಅವರು ಮಾಡಿದ ಪರಿಶೀಲನೆ ತೋರಿಸಿತು.

1981ರಲ್ಲಿ ಬುವೊನೊಕೋರ್ ತೀರಿಕೊಂಡರು. 1983ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಿ, ಈ ಲೇಪ ಹುಳುಕನ್ನು ತಡೆಯುವಲ್ಲಿ ಪರಿಣಾಮಕಾರಿಯೆಂದೂ ಇದರ ಬಳಕೆ ಹೆಚ್ಚಬೇಕೆಂದೂ ಸಾರಿತು. ಪ್ರಬಂಧ ಪ್ರಕಟವಾಗಿ ಇಪ್ಪತ್ತೆಂಟು ವರ್ಷಗಳ ಮೇಲೆ ಬಂದ ಈ ಮನ್ನಣೆಯನ್ನು ಕೇಳಲು ಅವರಿರಲಿಲ್ಲ. ಇಂದು ಬಣ್ಣಕ್ಕೆ ಬಣ್ಣ ಹೊಂದುವಂತೆ ಹಲ್ಲು ತುಂಬುವ ಕೆಲಸಕ್ಕೂ, ಓರೆಹಲ್ಲು ನೇರ ಮಾಡಲು ತಂತಿಯ ಬಿಲ್ಲೆಗಳನ್ನು ಅಂಟಿಸುವ ಕೆಲಸಕ್ಕೂ ಅವರ ಆಮ್ಲವಿಧಾನವೇ ತಳಹದಿ. ಸೀಳುಮುಚ್ಚುವ ಲೇಪವಂತೂ ಮೊದಲ ಎರಡು ವರ್ಷಗಳಲ್ಲಿ ದವಡೆಹಲ್ಲಿನ ಹುಳುಕನ್ನು ಶೇಕಡಾ 80ರಷ್ಟು ತಡೆಯುತ್ತದೆಂದು ಇಂದಿನ ಲೆಕ್ಕ.

ಈ ಜೀವನವೃತ್ತಾಂತವನ್ನು ನಾನು ಓದಿ ತಿಳಿದದ್ದು ನನ್ನ ಮೊಮ್ಮಗಳ ದೆಸೆಯಿಂದ. ಅವಳಿಗೆ ಏಳು ತುಂಬಿದಾಗ ಬೀದರದ ದಂತವೈದ್ಯರೊಬ್ಬರಲ್ಲಿಗೆ ಕರೆದೊಯ್ದಿದ್ದೆವು. ಅವರು ಹಲ್ಲನ್ನು ಶುಚಿಗೊಳಿಸಿ, ಸುತ್ತ ಹತ್ತಿಯಿಟ್ಟು, ನೀಲಿ ಬಣ್ಣದ ಆಮ್ಲವನ್ನು ಅರೆನಿಮಿಷಕ್ಕಿಂತ ಹೆಚ್ಚಿಲ್ಲದಂತೆ ಹಚ್ಚಿ ತೊಳೆದರು. ಆಮ್ಲದ ಸಾಂದ್ರತೆ ಈಗ ಶೇಕಡಾ 37ರ ಆಸುಪಾಸಿಗೆ ಇಳಿದಿದೆಯಂತೆ. ಒಣಗಿಸಿದ ಹಲ್ಲು ಹೊಳಪು ಕಳೆದುಕೊಂಡು ಸೀಮೆಸುಣ್ಣದಂತೆ ಬಿಳಿಚಿತು. ಅದರ ಮೇಲೆ ರಾಳದ ಹನಿಯಿಟ್ಟು ನೀಲಿಬೆಳಕು ಬೀರಿದರು. ಕೊರೆಯಲಿಲ್ಲ, ಸೂಜಿ ಚುಚ್ಚಲಿಲ್ಲ. ಮಗು ಅಳಲೂ ಇಲ್ಲ. ಹೊಳಪು ಕಳೆದ ಆ ಹಲ್ಲನ್ನು ಕಂಡಾಗಲೇ ನನಗೆ ಚೌಬಾರದ ಕುಶಲಿಯ ನೆನಪಾದದ್ದು.

ಬಿದರಿಯ ಬೆಳ್ಳಿ ಅಲಂಕಾರಕ್ಕಾದರೆ ಈ ಲೇಪ ಕಾವಲಿಗೆ. ಕಾವಲಿಗೂ ಮಿತಿಯುಂಟು. ಹಲ್ಲು ಹಲ್ಲುಗಳ ನಡುವಣ ಸಂದಿಯನ್ನು ಇದು ಕಾಯದು; ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದಕ್ಕೂ ಸಿಹಿಯ ಮಿತಕ್ಕೂ ಇದು ಬದಲಿಯಲ್ಲ. ಲೇಪ ಸವೆದಿದೆಯೇ ಎಂದು ಆಗಾಗ ನೋಡಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಲ್ಲು ಪೂರ್ತಿ ಮೂಡಿದ ಕೂಡಲೇ, ಹುಳುಕು ಒಳಹೊಗುವ ಮೊದಲೇ ಇದನ್ನು ಹಚ್ಚಿಸಬೇಕು. ಹಲ್ಲು ಕಳೆದುಕೊಂಡ ಬಡವೃದ್ಧರಿಗೆ ಉಚಿತವಾಗಿ ದಂತಪಂಕ್ತಿ ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ಸರಕಾರ ಕೈಗೊಂಡದ್ದು ಪುಣ್ಯದ ಕೆಲಸ. ಅದಕ್ಕೂ ಅರವತ್ತು ವರ್ಷ ಮೊದಲು, ಒಂದನೆಯ ಎರಡನೆಯ ಇಯತ್ತೆಯ ಮಗುವಿನ ಬಾಯಿ ತೆರೆಸಿ ನೋಡುವ ಕೆಲಸವೊಂದಿದೆ. ಅದಕ್ಕೆ ವೈದ್ಯರಿಗಿಂತ ಮೊದಲು ಒದಗಬಲ್ಲವರು ನಮ್ಮ ಶಾಲೆಯ ಶಿಕ್ಷಕರು. ನಾನು ಶಾಲೆಯಲ್ಲಿದ್ದಾಗ ಇದನ್ನು ಅರಿತಿರಲಿಲ್ಲ. ಲವಂಗ ಕಚ್ಚಿಕೊಂಡು ಕುಳಿತ ಆ ಮಕ್ಕಳನ್ನು ಮನೆಗೆ ಕಳುಹಿಸಿ ಪಾಠ ಮುಂದುವರಿಸುತ್ತಿದ್ದೆ. ಈಗ ಶಾಲೆಯಲ್ಲಿರುವವರು ಹಾಗೆ ಮಾಡದಿರಲೆಂದು ಈ ಹಿರಿಯರ ಕಥೆಯನ್ನು ಬರೆದಿದ್ದೇನೆ.