ಆಪದ್ಬಾಂಧವ ನ್ಯಾಯವಾದಿ ದೇಶಬಂಧು ಚಿತ್ತರಂಜನ ದಾಸರು

ದೇಶಬಂಧುವೆಂಬ ಬಿರುದಿನಿಂದ ಭಾರತೀಯರೆಲ್ಲರ ಗೌರವಕ್ಕೆ ಪಾತ್ರರಾದ ಚಿತ್ತರಂಜನ ದಾಸರು ಕವಿಗಳು, ತ್ಯಾಗಿಗಳು, ರಾಷ್ಟ್ರನಾಯಕರು. ಆದರೆ ಅವರ ಕೀರ್ತಿಯು ಮೊದಲು ಬೆಳಗಿದುದು ನ್ಯಾಯಾಲಯದಲ್ಲಿ. ಒಂದೇ ಅಭಿಯೋಗದಲ್ಲಿ ಸಿಲುಕಿದವರಿಗೆ ಬೇರೆ ಬೇರೆ ಶಿಕ್ಷೆಗಳಾಗುವುದೇಕೆ, ಆಪಾದಿತನಿಗೆ ಸಮರ್ಥನಾದ ವಕೀಲನು ಬೇಕೇಕೆ ಎಂಬುದನ್ನು ಅವರ ಜೀವನದ ಒಂದು ಘಟ್ಟವು ವಿಶದಪಡಿಸುತ್ತದೆ.

ದಾಸರು 1870ನೆಯ ನವೆಂಬರ್ 5ರಂದು ಕಲಕತ್ತೆಯಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವೀಧರರಾಗಿ ಇಂಗ್ಲೆಂಡಿಗೆ ತೆರಳಿದರು. ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಯಶಸ್ಸು ದೊರೆಯದಿರಲು ಬ್ಯಾರಿಸ್ಟರರಾಗಿ ಹಿಂದಿರುಗಿ ಕಲಕತ್ತೆಯ ಹೈಕೋರ್ಟಿನಲ್ಲಿ ವೃತ್ತಿಯನ್ನಾರಂಭಿಸಿದರು. ತಂದೆ ಭುವನಮೋಹನರ ಸಾಲದ ಹೊರೆಯಿಂದಾಗಿ 1906ರಲ್ಲಿ ತಂದೆಮಕ್ಕಳಿಬ್ಬರೂ ದಿವಾಳಿಯೆಂದು ಘೋಷಿಸಲ್ಪಟ್ಟರು.

ಇಂತಹ ಸಂಕಟಕಾಲದಲ್ಲಿಯೇ ಅಲೀಪುರದ ಬಾಂಬು ಮೊಕದ್ದಮೆಯು ಅವರ ಪಾಲಿಗೆ ಬಂದಿತು. 1908ನೆಯ ಏಪ್ರಿಲ್ 30ರಂದು ಮುಜಫರಪುರದಲ್ಲಿ ಎಸೆದ ಬಾಂಬಿಗೆ ಇಬ್ಬರು ಆಂಗ್ಲ ಮಹಿಳೆಯರು ಬಲಿಯಾದರು. ಪೋಲೀಸರು ಕಲಕತ್ತೆಯ ಮಾಣಿಕತಲಾ ತೋಟದ ಮನೆಯನ್ನು ಶೋಧಿಸಿ ಬಾರೀಂದ್ರಕುಮಾರ ಘೋಷ್ ಮತ್ತು ಸಂಗಡಿಗರನ್ನು ಹಿಡಿದರು. ಬಾರೀಂದ್ರರ ಅಣ್ಣ ಅರವಿಂದ ಘೋಷರೂ ಬಂಧಿತರಾದರು. ಸರಕಾರದ ಪರವಾಗಿ ನಿಂತವರು ಮದರಾಸಿನ ಪ್ರಖ್ಯಾತ ಬ್ಯಾರಿಸ್ಟರ್ ಅರ್ಡ್ಲಿ ನಾರ್ಟನ್. ಆಪಾದಿತರ ಕಡೆಯ ನಿಧಿಯಾದರೋ ಬಹುಬೇಗ ಬರಿದಾಯಿತು. ಆಗ ದಾಸರು ಧನದ ಆಸೆಯನ್ನು ತೊರೆದು, ಉಳಿದ ಮೊಕದ್ದಮೆಗಳನ್ನು ಬದಿಗಿರಿಸಿ, ಅರವಿಂದರ ರಕ್ಷಣೆಗೆ ಮುಂದಾದರು.

ಇನ್ನೂರಕ್ಕೂ ಮಿಕ್ಕ ಸಾಕ್ಷಿಗಳು, ಸಾವಿರಾರು ಕಾಗದಪತ್ರಗಳು! ದಾಸರು ಇವನ್ನೆಲ್ಲ ತಿಂಗಳುಗಟ್ಟಲೆ ಶೋಧಿಸಿದರು. ಅಣ್ಣನಿಗೆ ತಮ್ಮನು ಬರೆದುದೆಂದು ಹಾಜರುಪಡಿಸಲಾದ ಒಂದು ಪತ್ರವು ಕೃತ್ರಿಮವೆಂದು ವಾದಿಸಿದರು. ನ್ಯಾಯಾಧೀಶ ಬೀಚ್‌ಕ್ರಾಫ್ಟರು ಅದನ್ನು ಶಿಕ್ಷೆಗೆ ಆಧಾರವಾಗಿ ಸ್ವೀಕರಿಸಲಿಲ್ಲ. ಸ್ವಾತಂತ್ರ್ಯದ ಆದರ್ಶವನ್ನು ಬೋಧಿಸುವುದು ಬೇರೆ, ಬಾಂಬಿನ ಸಂಚಿನಲ್ಲಿ ಸೇರುವುದು ಬೇರೆ ಎಂಬ ಭೇದವನ್ನು ದಾಸರು ಸಮರ್ಥವಾಗಿ ಪ್ರತಿಪಾದಿಸಿದರು.

1909ನೆಯ ಮೇ 6ರಂದು ತೀರ್ಪು ಹೊರಬಿದ್ದಿತು. ಬಾರೀಂದ್ರ ಮತ್ತು ಉಲ್ಲಾಸಕರ ದತ್ತರಿಗೆ ಮರಣದಂಡನೆ. ಕೆಲವರಿಗೆ ಆಜೀವ ಕರಿನೀರು. ಕೆಲವರಿಗೆ ಹತ್ತು ವರ್ಷ, ಏಳು ವರ್ಷ. ಒಬ್ಬನಿಗೆ ಕೇವಲ ಒಂದು ವರ್ಷ. ಅರವಿಂದರೂ ಇನ್ನೂ ಹಲವರೂ ದೋಷಮುಕ್ತರಾದರು. ಒಂದೇ ಮನೆಯ ತಮ್ಮನಿಗೆ ನೇಣು, ಅಣ್ಣನಿಗೆ ಬಿಡುಗಡೆ! ಇದು ಪಕ್ಷಪಾತವಲ್ಲ. ಒಬ್ಬೊಬ್ಬನ ಕೃತ್ಯವೇನು, ಉದ್ದೇಶವೇನು, ಅವನ ವಿರುದ್ಧ ನಿಂತ ಪುರಾವೆ ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ತೂಗಿದುದರ ಫಲ. ಶಾಸನವು ಶಿಕ್ಷೆಯ ಮೇರೆಯನ್ನು ಮಾತ್ರ ಗುರುತಿಸುತ್ತದೆ. ಅದರೊಳಗೆ ಪ್ರಮಾಣವನ್ನು ನಿರ್ಣಯಿಸುವ ವಿವೇಚನೆ ನ್ಯಾಯಾಧೀಶನದು. ಆ ವಿವೇಚನೆಯೂ ಪರಿಷ್ಕಾರಕ್ಕೆ ಒಳಪಟ್ಟುದೇ. ಮೇಲ್ಮನವಿಯಲ್ಲಿಯೂ ದಾಸರು ವಾದಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಹೈಕೋರ್ಟು ಇಬ್ಬರ ಮರಣದಂಡನೆಯನ್ನೂ ಆಜೀವ ಕರಿನೀರಿಗೆ ಇಳಿಸಿತು. ವಕೀಲನ ವಾಣಿಯಿಲ್ಲದಿದ್ದರೆ ಗುಂಪಿನ ದೋಷವೆಲ್ಲ ಪ್ರತಿಯೊಬ್ಬನ ತಲೆಗೂ ಸಮನಾಗಿ ಅಂಟುವ ಅಪಾಯವಿತ್ತು.

ಮುಂದೆ ದಾಸರ ಸಂಪಾದನೆ ಅಪಾರವಾಯಿತು. ದಿವಾಳಿಯ ಘೋಷಣೆಯಿಂದ ಕಾಯಿದೆಯ ಬಂಧನ ಕಳಚಿದ್ದರೂ 1913ರಲ್ಲಿ ಹಳೆಯ ಸಾಲವನ್ನೆಲ್ಲ ತೀರಿಸಿ ಸತ್ಯಸಂಧರೆನಿಸಿದರು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಆ ವೃತ್ತಿಯನ್ನೇ ತ್ಯಜಿಸಿ ಸೆರೆವಾಸವನ್ನನುಭವಿಸಿದರು. 1922ರ ಗಯಾ ಕಾಂಗ್ರೆಸ್ಸಿನ ಅಧ್ಯಕ್ಷತೆಯೂ 1924ರಲ್ಲಿ ಕಲಕತ್ತೆಯ ಮೇಯರ್ ಪದವಿಯೂ ಅವರನ್ನರಸಿ ಬಂದವು. ತಮ್ಮ ಮನೆಯನ್ನೂ ಲೋಕಸೇವೆಗೆ ಅರ್ಪಿಸಿ, 1925ನೆಯ ಜೂನ್ 16ರಂದು ಡಾರ್ಜಿಲಿಂಗಿನಲ್ಲಿ ದೇಹವಿಟ್ಟರು.

ದಾಸರಂತಹ ವಕೀಲರು ದೊರೆಯುವ ಭಾಗ್ಯ ಎಲ್ಲ ಬಡವರಿಗೂ ಇಲ್ಲ. ಆದುದರಿಂದಲೇ ನಮ್ಮ ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನಿಗೆ ವಕೀಲನ ನೆರವು ಪಡೆಯುವ ಹಕ್ಕನ್ನಿತ್ತಿದೆ. 1976ರಲ್ಲಿ ಸೇರಿದ 39ಎ ಅನುಚ್ಛೇದವು ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯಾಗಿಸಿದೆ. 1987ರ ಕಾಯಿದೆಯಂತೆ ಸ್ತ್ರೀಯರು, ಮಕ್ಕಳು, ಬಂಧನದಲ್ಲಿರುವವರು ಮೊದಲಾದವರು ಈ ನೆರವಿಗೆ ಅರ್ಹರು. ಕೃತ್ಯಭೇದದಿಂದ ಶಿಕ್ಷೆ ಭಿನ್ನವಾದರೆ ಅದು ನ್ಯಾಯ. ಹಣದ ಭೇದದಿಂದ ಭಿನ್ನವಾದರೆ ಅನ್ಯಾಯ. ನಮ್ಮ ಶಾಲೆಯಿಂದ ಹೊರಟು ನ್ಯಾಯವಾದಿಗಳಾಗುವವರು ವರ್ಷಕ್ಕೆ ಒಬ್ಬ ನಿರ್ಗತಿಕನ ಪರವಾಗಿಯಾದರೂ ದಾಸರಂತೆ ನಿಂತರೆ, ಅವರ ವಿದ್ಯೆಯೂ ಅದಕ್ಕೆ ನೆರವಾದ ದಾನಿಗಳ ದ್ರವ್ಯವೂ ಸಾರ್ಥಕವಾದಾವು.