ಅರ್ಧಕ್ಕೆ ನಿಂತಿದ್ದ ಹಾಡು

ಕ್ವೀನ್ ತಂಡದ ಮೊದಲ ಆಲ್ಬಂನ ಕೊನೆಯಲ್ಲಿ ಒಂದು ಪಿಯಾನೊ ಟ್ಯೂನ್ ಶುರುವಾಗಿ, ಒಂದು ನಿಮಿಷ ಚಿಲ್ಲರೆಯಲ್ಲೇ ಮುಗಿದುಹೋಗುತ್ತದೆ. ಹಾಡಿನ ಸಾಲು ಒಂದೂ ಇಲ್ಲ. ಮೊದಲ ಸಲ ಕೇಳಿದಾಗ ಫೈಲ್ ಪೂರ್ತಿ ಡೌನ್‌ಲೋಡ್ ಆಗಿಲ್ಲ ಅಂದುಕೊಂಡಿದ್ದೆ. ಅದು ‘ಸೆವೆನ್ ಸೀಸ್ ಆಫ್ ರೈ’. ಬರೆಯುತ್ತಿದ್ದವನು ಫ್ರೆಡ್ಡಿ ಮರ್ಕ್ಯುರಿ. ಹಾಡು ಆಗಿನ್ನೂ ಪೂರ್ತಿ ಆಗಿರಲಿಲ್ಲ.

ಫ್ರೆಡ್ಡಿಯ ನಿಜವಾದ ಹೆಸರು ಫರೋಖ್ ಬುಲ್ಸಾರಾ. 1946ರಲ್ಲಿ ಜಾಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ ಹುಡುಗ. ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ, ಹಾಸ್ಟೆಲ್‌ನಲ್ಲಿದ್ದುಕೊಂಡು. ಶಾಲೆಯ ಬ್ಯಾಂಡ್‌ನಲ್ಲಿ ಪಿಯಾನೊ ನುಡಿಸುತ್ತಿದ್ದ. 1964ರಲ್ಲಿ ಜಾಂಜಿಬಾರ್‌ನಲ್ಲಿ ಕ್ರಾಂತಿಯಾದಾಗ ಕುಟುಂಬ ಲಂಡನ್ ಬಳಿಯ ಫೆಲ್ಟಮ್‌ಗೆ ಬಂತು. ಗ್ರಾಫಿಕ್ ಆರ್ಟ್ ಕಲಿತ ಫ್ರೆಡ್ಡಿ, ಡ್ರಮ್ಮರ್ ರೋಜರ್ ಟೇಲರ್ ಜೊತೆ ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ಹಳೇ ಬಟ್ಟೆ ಮಾರುತ್ತಿದ್ದ. ಗಿಟಾರಿಸ್ಟ್ ಬ್ರಯಾನ್ ಮೇ ಖಗೋಳ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದರೆ, ಬಾಸ್ ನುಡಿಸುವ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ.

ಆ ಮೊದಲ ಆಲ್ಬಂ ರೆಕಾರ್ಡ್ ಆಗಿದ್ದು ಟ್ರೈಡೆಂಟ್ ಸ್ಟುಡಿಯೊ ಖಾಲಿ ಇದ್ದಾಗ, ಹೆಚ್ಚಾಗಿ ರಾತ್ರಿ ಹೊತ್ತು. 1973ರ ಜುಲೈನಲ್ಲಿ ಬಿಡುಗಡೆಯಾದಾಗ ಯಾರೂ ತಿರುಗಿ ನೋಡಲಿಲ್ಲ. ಮುಂದಿನ ತಿಂಗಳೇ ತಂಡ ಮತ್ತೆ ಅದೇ ಸ್ಟುಡಿಯೊಗೆ ಹೋಯಿತು. ಈ ಸಲ ಸರಿಯಾದ ಸಮಯ ಸಿಕ್ಕಿತ್ತು.

ಎಲ್.ಪಿ. ರೆಕಾರ್ಡಿನ ಎರಡು ಬದಿಗಳಿಗೆ ಎ, ಬಿ ಎನ್ನದೆ ವೈಟ್, ಬ್ಲ್ಯಾಕ್ ಎಂದು ಹೆಸರಿಟ್ಟರು. ಬ್ಲ್ಯಾಕ್‌ನ ಆರೂ ಹಾಡು ಫ್ರೆಡ್ಡಿಯದೇ. ಟೇಟ್ ಗ್ಯಾಲರಿಯಲ್ಲಿ ರಿಚರ್ಡ್ ಡ್ಯಾಡ್‌ನ ಒಂದು ಚಿತ್ರ ನೋಡಿ, ಅದರೊಳಗಿನ ಪುಟ್ಟ ಪುಟ್ಟ ಪಾತ್ರಗಳನ್ನೆಲ್ಲ ಒಂದು ಹಾಡಿಗೆ ತಂದ. ಮೂರೇ ಜನ ಮತ್ತೆ ಮತ್ತೆ ಹಾಡಿ, ಟೇಪಿನ ಮೇಲೆ ಪದರ ಪದರವಾಗಿ ಕೂರಿಸಿ ದೊಡ್ಡ ಕೋರಸ್ ಮಾಡಿದರು. ಸಿಂಥಸೈಜರ್ ಮುಟ್ಟಲಿಲ್ಲ. ವೈಟ್ ಬದಿಯ ಮೊದಲ ಟ್ರ್ಯಾಕ್‌ನಲ್ಲಿ ಕೇಳುವ ಗಿಟಾರ್ ದನಿಗೆ ಡೀಕನ್ ಕಟ್ಟಿದ ಪುಟ್ಟ ಆಂಪ್ಲಿಫೈಯರ್ ಕಾರಣ. ಲಂಡನ್ನಿನ ಕಸದ ರಾಶಿಯಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡ್, 9 ವೋಲ್ಟ್ ಬ್ಯಾಟರಿ, ಅಷ್ಟೇ! ನಮ್ಮ ಲ್ಯಾಬ್‌ನಲ್ಲಿ ಮೂಲೆಗೆ ಬಿದ್ದಿರುವ ಬೋರ್ಡುಗಳನ್ನು ಈಗ ನಾನು ಬೇರೆಯೇ ಕಣ್ಣಿನಿಂದ ನೋಡುತ್ತೇನೆ.

ಕೊನೆಯ ಹಾಡಾಗಿ ಬಂದದ್ದು ಆ ಬಾಕಿ ಉಳಿದಿದ್ದ ‘ಸೆವೆನ್ ಸೀಸ್’, ಈಗ ಪೂರ್ತಿಯಾಗಿ. ಬ್ಯಾಕ್‌ಲಾಗ್ ಅನ್ನು ಡಿಸ್ಟಿಂಕ್ಷನ್‌ನಲ್ಲಿ ಕ್ಲಿಯರ್ ಮಾಡಿದ ಹಾಗೆ.

1974ರ ಫೆಬ್ರವರಿಯಲ್ಲಿ ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ನಲ್ಲಿ ಡೇವಿಡ್ ಬೋವಿಗೆಂದು ಇಟ್ಟಿದ್ದ ಜಾಗ ಕಡೇ ಗಳಿಗೆಯಲ್ಲಿ ಖಾಲಿಯಾಗಿ ಕ್ವೀನ್‌ಗೆ ಸಿಕ್ಕಿತು. ಫ್ರೆಡ್ಡಿಯ ಮನೆಯಲ್ಲಿ ಟಿ.ವಿ. ಇರಲಿಲ್ಲ, ಅಂಗಡಿಯೊಂದರ ಕಿಟಕಿಯಲ್ಲಿ ಕಂಡ ಟಿ.ವಿ.ಯಲ್ಲಿ ತನ್ನನ್ನು ತಾನೇ ನೋಡಿಕೊಂಡ ಎನ್ನುತ್ತಾರೆ. ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 10ನೇ ಸ್ಥಾನಕ್ಕೇರಿತು. ಮಾರ್ಚ್ 8ರಂದು ಬಂದ ‘ಕ್ವೀನ್ 2’ ಆಲ್ಬಂ 5ಕ್ಕೇರಿತು. ವಿಮರ್ಶಕರಲ್ಲಿ ಹಲವರು ಮಾತ್ರ ಇದು ಬರೀ ಆಡಂಬರ ಎಂದು ಹಳಿದರು. ಅವರದ್ದು ಪೂರ್ತಿ ತಪ್ಪೂ ಅಲ್ಲ. ‘ಮಾರ್ಚ್ ಆಫ್ ದಿ ಬ್ಲ್ಯಾಕ್ ಕ್ವೀನ್’ ಆರೂವರೆ ನಿಮಿಷದಲ್ಲಿ ಎಷ್ಟು ಸಲ ತಿರುವು ತೆಗೆದುಕೊಳ್ಳುತ್ತದೆಂದರೆ ಒಂದೇ ಸಲಕ್ಕೆ ತಲೆಗೆ ಹತ್ತುವುದಿಲ್ಲ. ಆದರೆ ಆ ಪ್ರಯೋಗ ಇಲ್ಲದಿದ್ದರೆ ಮರುವರ್ಷ ‘ಬೊಹೀಮಿಯನ್ ರಾಪ್ಸಡಿ’ ಬರುತ್ತಿತ್ತೇ? ನನಗಂತೂ ಅನುಮಾನ. ಆ ಹಾಡಿನ ವಿಡಿಯೊದಲ್ಲಿ ಕತ್ತಲಲ್ಲಿ ಮೂಡುವ ನಾಲ್ಕು ಮುಖಗಳು ಕೂಡ ‘ಕ್ವೀನ್ 2’ರ ಮುಖಪುಟದ್ದೇ.

1986ರಲ್ಲಿ ಫ್ರೆಡ್ಡಿ ಕೊನೆಯ ಬಾರಿ ತಂಡದ ಜೊತೆ ಟೂರ್ ಮಾಡಿದಾಗಲೂ ‘ಸೆವೆನ್ ಸೀಸ್’ ಪಟ್ಟಿಯಲ್ಲಿತ್ತು. 1991ರ ನವೆಂಬರ್ 24ರಂದು ಏಡ್ಸ್‌ನಿಂದ ತೀರಿಕೊಂಡಾಗ ಆತನಿಗೆ 45 ವರ್ಷ.