ಶಾಂತಿದೇವಿ: ದೆಹಲಿ ಮತ್ತು ಮಥುರೆಯ ನಡುವೆ

ಪುನರ್ಜನ್ಮದ ಚರ್ಚೆ ಎದ್ದಾಗಲೆಲ್ಲ ದೆಹಲಿಯ ಶಾಂತಿದೇವಿಯ ಹೆಸರು ತಪ್ಪದೆ ಬರುತ್ತದೆ. ನಂಬುವವರಿಗೆ ಆಕೆ ಪುರಾವೆ, ನಂಬದವರಿಗೆ ಕಟ್ಟುಕಥೆ. ಇವೆರಡರ ನಡುವೆ ಅರವತ್ತೊಂದು ವರ್ಷ ಬಾಳಿದ ಹೆಣ್ಣುಮಗಳೊಬ್ಬಳಿದ್ದಳೆಂಬುದು ಉಭಯ ಪಕ್ಷದವರಿಗೂ ಅಷ್ಟಾಗಿ ನೆನಪಿದ್ದಂತೆ ಕಾಣುವುದಿಲ್ಲ.

ಶಾಂತಿ ಹುಟ್ಟಿದ್ದು 1926ರ ಡಿಸೆಂಬರ್ 11ರಂದು, ದೆಹಲಿಯಲ್ಲಿ. ನಾಲ್ಕು ವರ್ಷವಾಗುವ ಹೊತ್ತಿಗೆ ತನ್ನ ನಿಜವಾದ ಮನೆ ಮಥುರೆಯಲ್ಲಿದೆ, ಗಂಡ ಬಟ್ಟೆ ವ್ಯಾಪಾರಿ, ತನಗೊಬ್ಬ ಮಗನಿದ್ದಾನೆ ಎನ್ನತೊಡಗಿದಳು. ಗಂಡನ ಹೆಸರನ್ನು ಮಾತ್ರ ಬಹುಕಾಲ ಬಾಯಿಬಿಟ್ಟು ಹೇಳಲಿಲ್ಲ. ಅಂದಿನ ಗೃಹಿಣಿಯರ ಸಂಕೋಚ ಆ ಪುಟ್ಟ ಬಾಲೆಗೂ ಇತ್ತು. ಕೊನೆಗೆ ಪರಿಚಿತ ಶಿಕ್ಷಕರೊಬ್ಬರ ಬಳಿ ಕೇದಾರನಾಥ ಚೌಬೆ ಎಂಬ ಹೆಸರು ಹೊರಬಿತ್ತು. ಮಥುರೆಗೆ ಪತ್ರ ಹೋಯಿತು. ಆ ಹೆಸರಿನ ವ್ಯಾಪಾರಿ ನಿಜಕ್ಕೂ ಇದ್ದರು. ಅವರ ಪತ್ನಿ ಲುಗ್ದಿ ಗಂಡುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, 1925ರ ಅಕ್ಟೋಬರ್ 4ರಂದು, ಆಗ್ರಾದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು.

ಮುಂದಿನದನ್ನು ಅನುಕ್ರಮವಾಗಿ ಗಮನಿಸಬೇಕು. ಮೊದಲು ಕೇದಾರನಾಥರ ಬಂಧುವೊಬ್ಬರು ಬಂದು ಮಗುವನ್ನು ಕಂಡರು. 1935ರ ನವೆಂಬರಿನಲ್ಲಿ ಸ್ವತಃ ಕೇದಾರನಾಥರೇ ಮಗನೊಂದಿಗೆ ದೆಹಲಿಗೆ ಬಂದರು. ಅವರನ್ನು ಗಂಡನ ಅಣ್ಣನೆಂದು ಪರಿಚಯಿಸಲಾಯಿತು. ಬಾಲಕಿ ಮೋಸಹೋಗಲಿಲ್ಲವಂತೆ. ಅವರು ಮರುಮದುವೆಯಾಗಿದ್ದುದಕ್ಕೆ ಆಕ್ಷೇಪಿಸಿದಳಂತೆ. ತನಗಿಂತ ವರ್ಷ ದೊಡ್ಡವನಾದ ಹುಡುಗನನ್ನು ತಾಯಿಯ ಅಕ್ಕರೆಯಿಂದ ಕಂಡಳಂತೆ. ಪತ್ರಿಕೆಗಳಲ್ಲಿ ಸುದ್ದಿ ಹಬ್ಬಿತು. ಗಾಂಧೀಜಿ ನೇಮಿಸಿದರೆಂದು ಪ್ರಸಿದ್ಧವಾದ ಹದಿನೈದು ಮಂದಿಯ ಸಮಿತಿ ನವೆಂಬರ್ 24ರಂದು ಆಕೆಯನ್ನು ರೈಲಿನಲ್ಲಿ ಮಥುರೆಗೆ ಕರೆದೊಯ್ದಿತು. ಸಮಿತಿಯಲ್ಲಿ ಕಾಂಗ್ರೆಸ್ ಮುಖಂಡ ನೇಕಿರಾಮ್ ಶರ್ಮಾ ಇದ್ದರು. ಉರ್ದು ಪತ್ರಿಕೆ 'ತೇಜ್'ನ ದೇಶಬಂಧು ಗುಪ್ತಾ ಇದ್ದರು. ಸುದ್ದಿಯನ್ನು ಪ್ರಕಟಿಸುವವರೇ ತನಿಖಾಧಿಕಾರಿಗಳಾಗುವುದು ಅಂದೂ ಹೊಸದಾಗಿರಲಿಲ್ಲವೇನೋ!

ಮಥುರೆಯಲ್ಲಿ ಬಾಲಕಿ ಜಟಕಾದವನಿಗೆ ದಾರಿ ಹೇಳಿ ಮನೆ ತೋರಿಸಿದಳೆಂದು ವರದಿ ಹೇಳುತ್ತದೆ. ಹಣ ಬಚ್ಚಿಟ್ಟಿದ್ದ ಜಾಗವನ್ನೂ ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ. ಪತ್ನಿಯ ಮರಣಾನಂತರ ಹಣವನ್ನು ತಾವೇ ತೆಗೆದುಕೊಂಡದ್ದಾಗಿ ಕೇದಾರನಾಥರು ಒಪ್ಪಿಕೊಂಡರಂತೆ. 1936ರಲ್ಲಿ ಪ್ರಕಟವಾದ ವರದಿ ಬಾಲಕಿಯ ಪರವಾಗಿತ್ತು. ಬಾಲಚಂದ್ ನಾಹಟಾ ಅವರು ಮಾತ್ರ ಹಿಂದಿಯಲ್ಲಿ ಕಿರುಹೊತ್ತಗೆ ಬರೆದು, ದೊರೆತ ಸಾಮಗ್ರಿಯಿಂದ ಪೂರ್ವಜನ್ಮವನ್ನು ತೀರ್ಮಾನಿಸಲಾಗದೆಂದು ವಾದಿಸಿದರು.

ಸರ್ಕಾರಿ ಸೇವೆಯಲ್ಲಿ ವಿಚಾರಣಾ ವರದಿಗಳನ್ನು ಓದಿಯೇ ತಲೆ ನರೆಸಿಕೊಂಡವನು ನಾನು. ಇಂತಹ ಕಡತ ಕೈಗೆ ಬಂದರೆ ಮೊದಲು ನೋಡುವುದು ಮಹಜರಿನ ದಿನಾಂಕವನ್ನು. ಇಲ್ಲಿ ಸಮಿತಿ ಹೊರಟದ್ದು ಎರಡು ಕುಟುಂಬಗಳು ಎದುರುಬದುರು ಕುಳಿತು ಮಾತನಾಡಿದ ಮೇಲೆ. ಅದಕ್ಕೆ ಮುಂಚೆ ಮಗು ಹೇಳಿದ್ದನ್ನು ಬಹುಮಟ್ಟಿಗೆ ಹಿರಿಯರ ನೆನಪಿನಿಂದಲೇ ತಿಳಿಯಬೇಕು. ಆದುದರಿಂದ ನನ್ನ ಒಲವು ನಾಹಟಾ ಅವರ ಕಡೆಗೆ. ಹಾಗೆಂದು ಯಾರೋ ವಂಚಿಸಿದರೆಂದು ಹೇಳಲೂ ನನಗೆ ಆಧಾರ ಕಾಣದು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಮಥುರೆಯಲ್ಲಿ ಲುಗ್ದಿಯ ತಾಯಿತಂದೆಯರ ಭೇಟಿಯೂ ಆಯಿತು. ಮಗಳನ್ನು ಕಳೆದುಕೊಂಡಿದ್ದ ಆ ವೃದ್ಧರ ಕಣ್ಣೀರಿಗೆ ವಿವರಣೆ ಬೇಕಿಲ್ಲ. ಇನ್ನೂ ಒಂಬತ್ತು ತುಂಬದ ಬಾಲಕಿಯನ್ನು ಅಲ್ಲಿಂದ ಬಿಡಿಸಿಕೊಂಡು ದೆಹಲಿಗೆ ಮರಳಿ ತರಲಾಯಿತು. ಸಮಿತಿಯ ಕೆಲಸ ಮುಗಿಯಿತು. ಒಂದು ಊರಿನಲ್ಲಿ ಹೆತ್ತವರು, ಇನ್ನೊಂದು ಊರಿನಲ್ಲಿ ತನಗಿಂತ ದೊಡ್ಡವನಾದ 'ಮಗ' ಎಂಬ ಸ್ಥಿತಿಯಲ್ಲಿ ಈ ಮಗು ಮುಂದೆ ಹೇಗೆ ಬೆಳೆಯಬೇಕೆಂಬುದು ಆ ದೊಡ್ಡವರ ಪರಿಶೀಲನಾ ವಿಷಯವಾಗಿರಲಿಲ್ಲ.

ಶಾಂತಿದೇವಿಯವರು ಮದುವೆಯಾಗಲಿಲ್ಲ. ಅದೇ ಕಥೆಯನ್ನು ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಹೇಳಿದರು. ಅಷ್ಟರಲ್ಲಿ ಈ ವಿಷಯ ವಿಶ್ವವಿದ್ಯಾಲಯಗಳನ್ನು ಪ್ರವೇಶಿಸುತ್ತಿತ್ತು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಇಂತಹ ಎರಡು ಸಾವಿರಕ್ಕೂ ಮಿಕ್ಕ ಪ್ರಕರಣಗಳನ್ನು ಸಂಗ್ರಹಿಸಿದರು. ಅವರೊಡನೆ ದುಡಿದ ಸತ್ವಂತ್ ಪಸ್ರೀಚಾ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು. ಉತ್ತರ ಭಾರತದಲ್ಲಿ ಹೇರಳವಾಗಿ ಸಿಗುವ ಪ್ರಕರಣಗಳು ದಕ್ಷಿಣದಲ್ಲೇಕೆ ಇಷ್ಟು ವಿರಳವೆಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. ಜನ್ಮಾಂತರದ ನಂಬಿಕೆ ನಮ್ಮಲ್ಲೇನೂ ಕಡಿಮೆಯಿಲ್ಲ. ಹಾಗಾದರೆ ನಮ್ಮ ಮಕ್ಕಳು ಮಾತ್ರ ಮರೆಯುವರೇ, ಅಥವಾ ಅವರಾಡಿದ್ದನ್ನು ನಾವು ತೊದಲು ಮಾತೆಂದು ಬಿಟ್ಟುಬಿಡುವೆವೇ?

1986ರಲ್ಲಿ ಸ್ಟೀವನ್‌ಸನ್ ಮತ್ತು ಕೆ.ಎಸ್. ರಾವತ್ ಶಾಂತಿದೇವಿಯವರನ್ನು ಸಂದರ್ಶಿಸಿದರು. ಲುಗ್ದಿಯಾಗಿ ಸತ್ತ ಗಳಿಗೆಯನ್ನೂ ಅವರು ಆಗ ವಿವರಿಸಿದರು. ರಾವತ್ ಮರುವರ್ಷವೂ ಹೋದರು. ಪ್ರಶ್ನೆಗಳು ಅವೇ, ಉತ್ತರಗಳೂ ಬಹುಮಟ್ಟಿಗೆ ಅವೇ. ಆ ಕೊನೆಯ ಸಂದರ್ಶನ ಮುಗಿದ ನಾಲ್ಕು ದಿನಗಳಿಗೆ, 1987ರ ಡಿಸೆಂಬರ್ 27ರಂದು, ಶಾಂತಿದೇವಿ ತೀರಿಕೊಂಡರು.